ನಾಲ್ಕನೇ ಪುಟದ ಕೊನೆಯ ಮುಖ

ಹೆಣ ಕಳುವಾಗಿತ್ತು.

ಬಾಗಿಲು ಮುರಿದಿರಲಿಲ್ಲ. ಬೀಗ ಒಡೆದಿರಲಿಲ್ಲ. ಅಕ್ಕ ನೋಡುತ್ತ ಕೂತಿದ್ದಂತೆಯೇ ತಮ್ಮನನ್ನು ಯಾರೋ ಎತ್ತಿಕೊಂಡು ಹೋಗಿದ್ದರು.

"ಇಲ್ಲೇ ಇದ್ದ ಮೇಡಂ. ನಾಲ್ಕನೇ ಪುಟ. ಕೆಳಗಿನ ಸಾಲು, ಕೊನೇ ಫೋಟೊ." ಆಕೆ ಕಂಪ್ಯೂಟರಿನ ಗಾಜಿಗೆ ಬೆರಳು ಒತ್ತಿದಳು. "ನನ್ನ ತಮ್ಮ. ಎತ್ತಿ ಆಡಿಸಿದವಳು ನಾನು. ನನಗೆ ಗುರುತು ಸಿಗಲ್ವಾ?"

ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ನೇರ ಬಂದವಳು. ಬೀದಿಯವರಿಗೆಲ್ಲ ಆಕೆ ಟೈಲರಮ್ಮ.

ಆಕೆ ಬೆರಳಿಟ್ಟ ಜಾಗದಲ್ಲಿ ಈಗ ಬೇರೊಬ್ಬನಿದ್ದ. ಒಂದು ಕಣ್ಣಿಗೆ ಬ್ಯಾಂಡೇಜು. ಇನ್ನೊಂದು ಕಣ್ಣು ಅರ್ಧ ತೆರೆದಿತ್ತು. ಆ ಅರ್ಧ ಕಣ್ಣು ಇನ್‌ಸ್ಪೆಕ್ಟರನ್ನೇ ನೋಡುತ್ತಿತ್ತು.

ಇನ್‌ಸ್ಪೆಕ್ಟರ್ ಹೆಂಗಸು. ಇಲಾಖೆಯವರು ಬೆನ್ನ ಹಿಂದೆ ಅವಳನ್ನು ಕರೆಯುವುದು ಉಡ ಎಂದು. ಹಿಡಿದರೆ ಬಿಡುವವಳಲ್ಲ. ಮುಷ್ಕರಕ್ಕೆ ಕೂತ ಕೂಲಿಗಳ ಮೇಲೆ ಲಾಠಿ ಬೀಸಲು ಒಪ್ಪದ ತಪ್ಪಿಗೆ ಅವಳನ್ನು ಕಾಣೆಯಾದವರ ವಿಭಾಗಕ್ಕೆ ಎಸೆದಿದ್ದರು. ಬದುಕಿರುವವರ ಪರ ನಿಂತವಳು ಇನ್ನು ಸತ್ತವರನ್ನು ಕಾಯ್ದುಕೊಂಡಿರಲಿ ಎಂದು.

ಇದು ಗುರುತು ಸಿಗದ ಶವಗಳ ದಾಖಲೆ ಕೇಂದ್ರ. ಬಣ್ಣ ಸುಲಿದ ಗೋಡೆ, ಒಂದು ಕಂಪ್ಯೂಟರು, ಎರಡು ಕುರ್ಚಿ. ಬಂದವರು ಹೇಳಬೇಕು: ಗಂಡೋ ಹೆಣ್ಣೋ, ವಯಸ್ಸೆಷ್ಟು. ಆಪರೇಟರ್ ಅದನ್ನು ಒತ್ತುತ್ತಾನೆ. ಮುಖಗಳು ಬರುತ್ತವೆ. ಪುಟಕ್ಕೆ ಹನ್ನೆರಡು. ಹೊಸಬರು ಮೊದಲ ಪುಟದಲ್ಲಿ, ಹಳಬರು ಅವರ ನಂತರದ ಪುಟಗಳಲ್ಲಿ. ಕೆಳಗೆ ಎರಡು ಗುಂಡಿ: ಮುಂದೆ, ಹಿಂದೆ. ಹೆತ್ತವರು, ಒಡಹುಟ್ಟಿದವರು ಮುಂದೆ, ಹಿಂದೆ ಎನ್ನುತ್ತ ಸತ್ತವರ ಬೀದಿಯಲ್ಲಿ ಮನೆ ಹುಡುಕುತ್ತಾರೆ.

"ನಿನ್ನೆ ಮಧ್ಯಾಹ್ನ ಏನಾಯ್ತು? ಮೊದಲಿಂದ ಹೇಳಿ" ಎಂದಳು ಇನ್‌ಸ್ಪೆಕ್ಟರ್.

"ಗಂಡಸರು, ಇಪ್ಪತ್ತರಿಂದ ಮೂವತ್ತು ವರ್ಷ ಅಂತ ಹೇಳ್ದೆ. ಇವರು ಒತ್ತಿದ್ರು. ನಾಲ್ಕನೇ ಪುಟದಲ್ಲಿ ಕಂಡ. ನಾನು ಕೂಗ್ಲಿಲ್ಲ ಮೇಡಂ. ಇವನೇ ಅಂದೆ. ಇವರು ಎದ್ದು ಹೋದ್ರು."

"ಯಾಕ್ರೀ ಎದ್ದು ಹೋದ್ರಿ?"

ಆಪರೇಟರ್ ಕತ್ತಿಗೆ ನೋವಿನ ಪಟ್ಟಿ ಕಟ್ಟಿಕೊಂಡಿದ್ದ. ತಿರುಗಬೇಕಾದರೆ ಇಡೀ ಮೈ ತಿರುಗಬೇಕು. ತಿರುಗಿದ. "ನಿಯಮ ಮೇಡಂ. ಯಾರಾದ್ರೂ ಇವರೇ ಅಂದ್ರೆ ಫೋಟೊ ದೊಡ್ಡದು ಮಾಡೋ ಮೊದಲು ನಿರ್ದೇಶಕರಿಗೆ ಹೇಳ್ಬೇಕು. ಪಾಪ, ಅವರೇ ಬರ್ತಾರೆ. ಜನ ಎದೆ ಒಡ್ಕೊಂಡು ಬಿದ್ದುಬಿಡ್ತಾರಲ್ಲ."

"ಆಮೇಲೆ?"

ಟೈಲರಮ್ಮ ಹೇಳಿದಳು. "ಅವನನ್ನೇ ನೋಡ್ತಾ ಕೂರೋಕೆ ಆಗ್ಲಿಲ್ಲ. ಮುಂದೆ ಅನ್ನೋದನ್ನ ಒತ್ಬಿಟ್ಟೆ. ಐದನೇ ಪುಟ ಬಂತು. ಮೊದಲನೇ ಮುಖ ಈ ಬ್ಯಾಂಡೇಜಿನವನು. ಅಯ್ಯೋ, ತಮ್ಮನನ್ನ ಬಿಟ್ಟು ಬಂದ್ನಲ್ಲ ಅಂತ ಹಿಂದಕ್ಕೆ ಒತ್ದೆ. ತಮ್ಮ ಇಲ್ಲ. ಅವನ ಜಾಗದಲ್ಲಿ ಬ್ಯಾಂಡೇಜಿನವನೇ ಬಂದು ಕೂತಿದ್ದ. ನನ್ನ ಹಿಂದೇನೇ ಬಂದ ಹಾಗೆ."

ತಲೆ ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು.

"ತಗೊಳ್ಳಿ ತಾಯಿ, ನೀರು ಕುಡೀರಿ."

ಬಾಗಿಲಲ್ಲಿ ನಿರ್ದೇಶಕರು ನಿಂತಿದ್ದರು. ನರೆತ ಕೂದಲು, ಮೆಲುದನಿ, ಇಸ್ತ್ರಿ ಮಾಡಿದ ಬಿಳಿ ಕೋಟು. ಕೈಯಲ್ಲಿ ನೀರಿನ ಲೋಟ. ವೃತ್ತಿಯಲ್ಲಿ ಡಾಕ್ಟರು. ಇಲ್ಲಿಗೆ ಬಂದು ಅತ್ತವರೆಲ್ಲ ಅವರ ಕೈಯ ನೀರು ಕುಡಿದವರೇ. ಅದಕ್ಕೇ ಜನ ಅವರನ್ನು ನೀರು ಸಾಹೇಬ್ರು ಎನ್ನುತ್ತಿದ್ದರು.

"ಇನ್‌ಸ್ಪೆಕ್ಟರ್, ಇದರಲ್ಲಿ ಭೂತಚೇಷ್ಟೆ ಏನಿಲ್ಲ. ನಿನ್ನೆ ಅದೇ ಹೊತ್ತಿಗೆ ನಾನು ಹೊಸದಾಗಿ ಬಂದ ಒಂದು ಶವದ ವಿವರ ಸೇರಿಸ್ತಿದ್ದೆ. ಹೊಸಬರು ಬಂದ್ರೆ ಪಟ್ಟಿ ಸರಿಯುತ್ತೆ. ಮುಖಗಳು ಜಾಗ ಬದಲಾಯಿಸ್ತವೆ. ಈ ತಾಯಿ ಯಾರನ್ನೋ ನೋಡಿ ತಮ್ಮ ಅಂದ್ಕೊಂಡ್ರು. ದುಃಖದಲ್ಲಿ ಎಲ್ಲ ಮುಖಾನೂ ನಮ್ಮವರದ್ದೇ ಅನ್ಸುತ್ತೆ."

"ನನಗೆ ಹುಚ್ಚು ಅಂತಾರೆ ಮೇಡಂ!"

"ಛೆ ಛೆ, ಯಾರು ಹಾಗಂದ್ರು?" ಅವರ ದನಿಯಲ್ಲಿ ಬೆಣ್ಣೆಯಿತ್ತು.

ಇನ್‌ಸ್ಪೆಕ್ಟರ್ ತಾನೇ ಗುಂಡಿ ಒತ್ತಿದಳು. ಮುಂದೆ. ಹಿಂದೆ. ಮೂರು, ನಾಲ್ಕು, ಐದು, ಮತ್ತೆ ನಾಲ್ಕು. ಮುಖಗಳು ಬಂದವು, ಹೋದವು. ಟೈಲರಮ್ಮ ಪ್ರತಿ ಪುಟಕ್ಕೂ ತಲೆಯಾಡಿಸಿದಳು. ಇಲ್ಲ. ಇಲ್ಲ. ಇಲ್ಲ.

* * *

"ಯಾರಾದ್ರೂ ಅಳಿಸಿದ್ರೆ?"

ಕಾರಿಡಾರಿನಲ್ಲಿ ಆಪರೇಟರನ್ನು ಗೋಡೆಗೆ ಒತ್ತರಿಸಿ ನಿಲ್ಲಿಸಿದ್ದಳು ಇನ್‌ಸ್ಪೆಕ್ಟರ್. ಕಂಪ್ಯೂಟರಿನ ಮೇಲೆ ದಿನವಿಡೀ ಕೈಯಿಟ್ಟವನು ಇವನೊಬ್ಬನೇ. ಸಂಶಯ ಮೊದಲು ಇವನ ಮೇಲೇ.

"ನನ್ನ ಕೈಲಿ ಆಗಲ್ಲ ಮೇಡಂ. ನನಗೆ ನೋಡೋ ಹಕ್ಕು ಮಾತ್ರ. ಬದಲಾಯಿಸೋದು ನಿರ್ದೇಶಕರು. ಅಳಿಸ್ಬೇಕಂದ್ರೆ ಅವರೊಬ್ಬರೇ ಸಾಲದು, ಮೇಲಿನ ಕಚೇರಿಯವರೂ ಒಪ್ಬೇಕು. ಬೇಕಾದ್ರೆ ಫೋನ್ ಮಾಡಿ ಕೇಳಿ."

ಕೇಳಿದಳು. ಮೇಲಿನ ಕಚೇರಿಯವನು ಆಕಳಿಸುತ್ತ ಹೇಳಿದ: ಈ ವರ್ಷ ಒಂದನ್ನೂ ಅಳಿಸಿಲ್ಲ. ಹಾಗಾದರೆ ಹೆಣ ಹೋದದ್ದು ಎಲ್ಲಿಗೆ?

ಅಲ್ಲಿಂದ ಶವಾಗಾರ. ಅಲ್ಲಿನ ಕಾವಲುಗಾರ ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದವನು. ಚಳಿಯಪ್ಪ ಎನ್ನುತ್ತಾರೆ. ಬಾಗಿಲು ತೆರೆದರೆ ತಣ್ಣನೆಯ ಹೊಗೆ ಕಾಲಿಗೆ ಸುತ್ತಿಕೊಂಡಿತು.

"ನೋಡಿ ತಾಯಿ, ಎಲ್ಲ ತೆಗೆದು ತೋರಿಸ್ತೀನಿ. ನಮ್ಮ ಗಿರಾಕಿಗಳು ತಕರಾರು ಮಾಡಲ್ಲ" ಎಂದ. ಟೈಲರಮ್ಮನ ಮುಖ ನೋಡಿ ನಾಲಗೆ ಕಚ್ಚಿಕೊಂಡ. "ತಪ್ಪಾಯ್ತಮ್ಮ. ಈ ಚಳಿಯಲ್ಲಿ ನಗದೇ ಇದ್ರೆ ನಾನೂ ಇವರ ಪಕ್ಕ ಮಲಗ್ಬೇಕಾಗುತ್ತೆ."

ಒಂದೊಂದೇ ಮುಖ ತೆರೆದ. ತಮ್ಮನಿರಲಿಲ್ಲ. ಕೆಲವು ಖಾನೆಗಳು ಖಾಲಿ.

"ಇಲ್ಲಿದ್ದವರು?"

"ಮುದುಕರು ಅಂತ ಚೀಟೀಲಿತ್ತು, ಸುತ್ತಿದ್ದ ಬಟ್ಟೆ ನಾನು ಬಿಚ್ಚಲಿಲ್ಲ. ಬೆಳಿಗ್ಗೆ ಗಾಡಿಗೆ ಹತ್ತಿಸ್ದೆ. ಸುಡೋಕೆ ಹೋಗ್ತಾರೆ."

"ನಿನ್ನೆ ಮಧ್ಯಾಹ್ನ ಹೊಸ ಹೆಣ ಬಂತಾ?"

"ನಿನ್ನೆಯಾ? ಯಾರೂ ಇಲ್ಲ. ಸಾವಿಗೂ ರಜ ಇರುತ್ತೆ ನೋಡಿ ಒಂದೊಂದು ದಿನ."

ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಿದಳು. "ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಬಂದ್ರೆ ಹೊತ್ತು ತರೋನು ನಾನೇ ಅಲ್ವಾ? ಸೊಂಟಕ್ಕೆ ನೆನಪಿರುತ್ತೆ."

"ಗಾಡಿ ಯಾರದ್ದು?"

"ಬಣ್ಣದ ಕಾರ್ಖಾನೆಯವರು ದಾನ ಕೊಟ್ಟಿದ್ದು. ಉಚಿತ ಶವವಾಹನ ಅಂತ ಮೈತುಂಬ ಹೆಸರು ಬರ್ಸಿದಾರಲ್ಲ. ತರೋದೂ ಅದೇ, ಒಯ್ಯೋದೂ ಅದೇ. ಮಾಲೀಕರ ಮಗ ಒಂದೊಂದ್ಸಲ ಜೊತೆಗೇ ಬರ್ತಾನೆ. ನಮ್ಮ ಸಾಹೇಬ್ರನ್ನ ಮಾವ, ಮಾವ ಅಂತಾನೆ. ಅವರ ಮನೆಯಾಕೆ ಇವನಿಗೆ ಸೋದರತ್ತೆಯಂತೆ."

ಟೈಲರಮ್ಮ ಗಕ್ಕನೆ ನಿಂತಳು. "ನನ್ನ ತಮ್ಮ ಕೆಲಸಕ್ಕಿದ್ದಿದ್ದು ಅಲ್ಲೇ ಮೇಡಂ. ತೊಟ್ಟಿ ತೊಳೆಯೋ ಕೆಲಸ. ಯಾವಳ ಜೊತೆಗೋ ಓಡಿಹೋದ ಅಂತ ಹೇಳಿ ಕಳಿಸ್ಬಿಟ್ರು ನನ್ನನ್ನ. ನಾನೂ ಮೊದಲು ನಂಬಿದೆ. ಬರ್ಲಿ, ಕಿವಿ ಹಿಂಡ್ತೀನಿ ಅಂತ ಕಾಯ್ತಾ ಕೂತೆ."

* * *

ದಾಖಲೆ ಕೇಂದ್ರದ ಹೊರಗೆ, ಬಂದವರು ಕಾಯಲು ಒಂದು ಬೆಂಚಿತ್ತು. ಬಾಗಿಲ ಪಕ್ಕದಿಂದ ಗೋಡೆಯ ಕೊನೆವರೆಗೆ. ಅದರ ತುಂಬ ಜನ. ಯಾರ ಮಗನೋ, ಯಾರ ಗಂಡನೋ. ಇನ್‌ಸ್ಪೆಕ್ಟರ್ ಎದುರಿನ ಕಂಬಕ್ಕೆ ಒರಗಿ ನಿಂತಳು. ತಲೆಯೊಳಗೆ ಆ ಅರ್ಧ ತೆರೆದ ಕಣ್ಣು ನೆಟ್ಟುಹೋಗಿತ್ತು. ಐದರಲ್ಲಿದ್ದವನು ನಾಲ್ಕಕ್ಕೆ ಬಂದ. ಯಾಕೆ ಬಂದ? ಏನು ಹೇಳಲು ಬಂದ?

ಹೆಂಗಸೊಬ್ಬಳು ಬಂದು, "ಸ್ವಲ್ಪ ಸರೀರಪ್ಪ, ಕಾಲು ನೋವು" ಎಂದು ಬಾಗಿಲ ಪಕ್ಕದಲ್ಲೇ ತೂರಿ ಕೂತಳು. ಬೆಂಚಿನವರೆಲ್ಲ ಗೊಣಗುತ್ತ ಗೋಡೆಯ ಕಡೆಗೆ ಸರಿದರು. ತುದಿಯಲ್ಲಿದ್ದ ಮುದುಕ ಜಾಗ ಸಾಲದೆ ಎದ್ದು ನಿಂತ.

"ನಾನೇನು ಕಂಬಾನಾ?" ಎಂದ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಬಾಗಿಲ ಬಳಿಯ ಇನ್ನೊಬ್ಬ ಎದ್ದು ಒಳಹೋದ. ಬೆಂಚಿನವರು ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿದರು. ಮುದುಕನಿಗೆ ಮತ್ತೆ ಜಾಗ ಸಿಕ್ಕಿತು.

ಇನ್‌ಸ್ಪೆಕ್ಟರ್ ಕಂಬ ಬಿಟ್ಟು ನೆಟ್ಟಗೆ ನಿಂತಳು.

ಸತ್ತವರು ಸರಿದು ಕೂತಿದ್ದರು. ಅವರು ಸರಿದ ದಿಕ್ಕೇ ಸಾಕ್ಷಿ.

* * *

"ಅಳಿಸಿಲ್ಲ ಅಂದ್ರೆ ಅವನು ಇದರೊಳಗೇ ಇದ್ದಾನೆ" ಎಂದಳು ಆಪರೇಟರನಿಗೆ. "ಇಪ್ಪತ್ತರಿಂದ ಮೂವತ್ತರ ಸಾಲಿಂದ ಎಬ್ಬಿಸಿದ್ದಾರೆ. ಬೇರೆ ಸಾಲಲ್ಲಿ ಕೂರಿಸಿದ್ದಾರೆ. ಇವತ್ತು ಗಾಡಿ ಹತ್ತಿದವರು ಯಾರು? ಮುದುಕರು. ಅರವತ್ತು ದಾಟಿದವರನ್ನ ತೆಗೀರಿ."

"ಅರವತ್ತು ದಾಟಿದವರನ್ನ ಯಾರೂ ಹುಡುಕ್ಕೊಂಡು ಬರಲ್ಲ ಮೇಡಂ. ಮುಪ್ಪಿನ ಸಾವು ಅಂತ ನಿರ್ದೇಶಕರು ಬರೆದ್ರೆ ಕಾಯೋ ಹಾಗೂ ಇಲ್ಲ. ಮಾರನೇ ದಿನವೇ ಸುಡ್ತಾರೆ."

"ಅದಕ್ಕೇ."

ಪುಟ ತೆರೆಯಿತು. ಸುಕ್ಕುಗಟ್ಟಿದ ಮುಖಗಳು. ಬೊಚ್ಚುಬಾಯಿಗಳು. ಬದುಕಿದ್ದಾಗಲೂ ಯಾರೂ ನೋಡದ ಮುಖಗಳು. ಮೊದಲ ಪುಟದಲ್ಲಿ ತಮ್ಮನಿಲ್ಲ. ವಯಸ್ಸು ತಿದ್ದಿದರೂ ಅವನು ಬಂದ ದಿನ ಬದಲಾಗುವುದಿಲ್ಲ, ಹಳಬರ ಪುಟಗಳಲ್ಲಿ ಎಲ್ಲೋ ಇರಬೇಕು. ಮುಂದೆ. ಮತ್ತೆ ಮುದುಕರು. ಮುಂದೆ.

ಆಪರೇಟರ್ ಕೈ ಗಾಳಿಯಲ್ಲೇ ನಿಂತಿತು.

ನರೆತ ಗಡ್ಡಗಳ ನಡುವೆ ಒಂದು ಎಳೆಯ ಮುಖ. ಚಿಗುರು ಮೀಸೆ. ತುಟಿ ನೀಲಿ. ಕೆಳಗೆ ಬರೆದಿತ್ತು: ವಯಸ್ಸು ಅರವತ್ತಾರು. ಮುಪ್ಪಿನ ಸಾವು. ಇಂದು ದಹನ.

ಟೈಲರಮ್ಮ ಕೂಗಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟಳು. ಕೂಸಿನ ಹಣೆ ಮುಟ್ಟಿ ಜ್ವರ ನೋಡುವಂತೆ.

ಇನ್‌ಸ್ಪೆಕ್ಟರ್ ಆಗಲೇ ಫೋನಿನಲ್ಲಿದ್ದಳು. "ಸ್ಮಶಾನ ತಾನೇ? ಪೊಲೀಸು ಮಾತಾಡ್ತಿರೋದು. ಉಚಿತ ವಾಹನ ಬಂತಾ? ಇಳಿಸ್ತಿದಾರಾ? ನಿಲ್ಲಿಸಿ! ಒಂದನ್ನೂ ಒಳಗೆ ನೂಕಬೇಡಿ. ನೂಕಿದ್ರೆ ನಿಮ್ಮನ್ನೂ ಒಳಗೆ ನೂಕ್ತೀನಿ!"

ಆ ತುದಿಯಲ್ಲಿ ಯಾರೋ ಓಡಿದ ಸದ್ದು. ಏದುಸಿರು. ಆಮೇಲೆ ದನಿ: "ನಿಲ್ಸಿದೀವಿ ಮೇಡಂ. ಮೊದಲನೇದು ಸುಡೋ ಒಲೆಯ ಬಾಗಿಲವರೆಗೂ ಹೋಗಿತ್ತು."

ಫೋನು ಇಳಿಸಿದಳು. ಆಪರೇಟರ್ ಮಾತ್ರ ನಿಲ್ಲಿಸಿರಲಿಲ್ಲ. ತನಗೆ ತಾನೇ ಎಂಬಂತೆ ಗುಂಡಿ ಒತ್ತುತ್ತಿದ್ದ. ಮುಂದೆ. ಇನ್ನೊಂದು ಎಳೆಯ ಮುಖ, ವಯಸ್ಸು ಅರವತ್ತೆಂಟು. ಮುಂದೆ. ಮತ್ತೊಂದು. ಎಪ್ಪತ್ತು ವರ್ಷದ ಹುಡುಗ. ಎದೆಯ ಮೇಲಿಟ್ಟ ಕೈಯ ಉಗುರು ಕಡುನೀಲಿ. ಕೆಳಗೆ: ದಹನವಾಗಿದೆ.

"ಇವನು ನನಗೆ ಗೊತ್ತು" ಎಂದ ಆಪರೇಟರ್. "ಇವನ ಅಪ್ಪ ಬಂದಿದ್ರು. ಇವನೇ ಅಂದ್ರು. ನಾನು ಎದ್ದು ಹೋಗಿ ಸಾಹೇಬ್ರಿಗೆ ಹೇಳ್ದೆ. ವಾಪಸ್ ಬಂದು ಮತ್ತೆ ಪುಟ ತೆಗೆದ್ರೆ ಫೋಟೊ ಇರ್ಲಿಲ್ಲ. ಆ ಯಜಮಾನರಿಗೆ ನಾನೇ ಸಮಾಧಾನ ಹೇಳಿ ಬಸ್ಸು ಹತ್ತಿಸಿದೆ ಮೇಡಂ. ಕಣ್ಣು ಮಂಜಾಗಿದೆ, ತೋರಿಸ್ಕೊಳ್ಳಿ ಅಂತ ಬೇರೆ ಹೇಳ್ದೆ."

ಮುಂದೆ ಒತ್ತಲು ಅವನಿಗೆ ಆಗಲಿಲ್ಲ. ಹಿಂದೆ ಒತ್ತಲೂ ಆಗಲಿಲ್ಲ. ಎರಡೂ ಕಡೆ ಅವರೇ ಇದ್ದರು.

* * *

ನಿರ್ದೇಶಕರು ಮೇಜಿನ ಹಿಂದೆ ಕೂತಿದ್ದರು. ಇನ್‌ಸ್ಪೆಕ್ಟರ್ ಕೂರಲಿಲ್ಲ. ಹಿಂದೆ ಟೈಲರಮ್ಮ, ಆಪರೇಟರ್, ಚಳಿಯಪ್ಪ.

"ಡಾಕ್ಟ್ರೇ, ಹೊಸಬರು ಬಂದ್ರೆ ಪಟ್ಟಿ ಯಾವ ಕಡೆ ಸರಿಯುತ್ತೆ?"

"ಹೇಳಿದ್ನಲ್ಲ. ಹೊಸಬರು ಮೊದಲ ಪುಟಕ್ಕೆ ಬರ್ತಾರೆ. ಉಳಿದವರು ಮುಂದಿನ ಪುಟಗಳಿಗೆ..."

ಮಾತು ಅರ್ಧಕ್ಕೆ ನಿಂತಿತು.

"ಹ್ಞೂಂ, ಹೇಳಿ. ಮುಂದಿನ ಪುಟಗಳಿಗೆ ಸರೀತಾರೆ. ಅಂದ್ರೆ ನಾಲ್ಕರ ಕೊನೆಯವನು ಐದರ ಮೊದಲಿಗೆ ಹೋಗ್ಬೇಕಿತ್ತು. ಆದ್ರೆ ನಿನ್ನೆ ಐದರ ಮೊದಲನೆಯವನು ನಾಲ್ಕರ ಕೊನೆಗೆ ಬಂದ. ಅದು ಆಗೋದು ಯಾವಾಗ ಗೊತ್ತಾ? ಮುಂದೆ ಕೂತವನು ಎದ್ದು ಹೋದಾಗ. ಹೊರಗೆ ಬೆಂಚಿದೆ, ಹೋಗಿ ನೋಡಿ. ಓದು ಬರದವರಿಗೂ ಗೊತ್ತಾಗುತ್ತೆ."

"ಯಂತ್ರದ ದೋಷ ಇರಬಹುದು."

"ಯಂತ್ರಕ್ಕೆ ನಿಮ್ಮಷ್ಟು ಬುದ್ಧಿ ಇಲ್ಲ. ಹೊಸ ಶವದ ವಿವರ ಸೇರಿಸ್ತಿದ್ದೆ ಅಂದ್ರಿ. ಚಳಿಯಪ್ಪ, ನಿನ್ನೆ ಯಾರು ಬಂದ್ರು?"

"ಯಾರೂ ಇಲ್ಲ ತಾಯಿ."

"ಬಾರದ ಹೆಣಕ್ಕೆ ವಿವರ ಬರೆದ್ರಾ? ಆ ಹೊತ್ತಲ್ಲಿ ಕಂಪ್ಯೂಟರ್ ಮುಂದೆ ಇದ್ದೆ ಅಂತ ನೀವೇ ಒಪ್ಪಿಕೊಂಡ್ರಿ. ಬದಲಾಯಿಸೋ ಹಕ್ಕು ಇಲ್ಲಿ ನಿಮಗೊಬ್ಬರಿಗೇ." ಅವಳು ಆಪರೇಟರ್ ಕಡೆ ತಿರುಗಿದಳು. "ನೀವು ಬಂದು ಹೇಳಿದಾಗ ಇವರು ಏನಂದ್ರು?"

"ಯಾವ ಪುಟ, ಎಷ್ಟನೇ ಮುಖ ಅಂತ ಕೇಳಿದ್ರು. ನಾಲ್ಕನೇ ಪುಟ, ಕೊನೇದು ಅಂದೆ. ಪಾಪ, ನೀರು ತುಂಬಿಸ್ಕೊಂಡು ಬಾ ಅಂದ್ರು. ಕಾರಿಡಾರಿನ ಕೊನೇಲಿ ನಲ್ಲಿ ಇದೆ. ಹೋಗಿ ತಂದೆ. ಪ್ರತಿ ಸಲಾನೂ ಹಾಗೇ ಮೇಡಂ. ಪ್ರತಿ ಸಲ."

"ಒಂದು ಲೋಟ ನೀರು ತುಂಬೋ ಹೊತ್ತಲ್ಲಿ ಇಪ್ಪತ್ನಾಲ್ಕನ್ನ ಅರವತ್ತಾರು ಮಾಡಬಹುದು" ಎಂದಳು ಇನ್‌ಸ್ಪೆಕ್ಟರ್. "ಅಳಿಸೋಕೆ ಇನ್ನೊಬ್ಬರು ಬೇಕು. ಮುದುಕನನ್ನಾಗಿ ಮಾಡೋಕೆ ನೀವೊಬ್ಬರೇ ಸಾಕು. ತೊಟ್ಟೀಲಿ ಸತ್ತವರನ್ನ ಕಾರ್ಖಾನೆ ಗಾಡಿ ಗುರುತು ಸಿಗದ ಶವ ಅಂತ ಇಲ್ಲಿಗೇ ತರ್ತಿತ್ತು. ಯಾರೂ ಹುಡುಕಿ ಬರದೇ ಇದ್ರೆ ಹೆಣ ಅಲ್ಲೇ ಬಿದ್ದಿರ್ತಿತ್ತು, ಅವಧಿ ಮುಗಿದ ಮೇಲೆ ಅನಾಥ ಶವ ಅಂತ ಸುಡ್ತಿದ್ರಿ. ಯಾರಾದ್ರೂ ಗುರುತು ಹಿಡಿದ್ರೆ ಮಾತ್ರ ನಿಮಗೆ ಅಪಾಯ. ಅವರು ಹೆಣ ಕೇಳ್ತಾರೆ. ಹೆಣ ಕೊಯ್ದು ನೋಡಿ ಅಂತಾರೆ. ಕೊಯ್ದ್ರೆ ತೊಟ್ಟಿಯ ವಿಷಗಾಳಿ ಶ್ವಾಸಕೋಶದಲ್ಲಿ ಸಿಗುತ್ತೆ. ನಿಮ್ಮ ಭಾವಮೈದನ ಕಾರ್ಖಾನೆಗೆ ಬೀಗ ಬೀಳುತ್ತೆ. ಅದಕ್ಕೇ ಈ ನಿಯಮ. ಗುರುತು ಸಿಕ್ಕ ತಕ್ಷಣ ಮೊದಲು ನಿಮಗೆ ಹೇಳ್ಬೇಕು. ಜನ ಅದನ್ನ ಕರುಣೆ ಅಂದ್ಕೊಂಡ್ರು."

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು.

"ಕಾರ್ಖಾನೆ ಮುಚ್ಚಿದ್ರೆ ಸಾವಿರ ಮನೆಯ ಒಲೆ ಆರುತ್ತೆ ಇನ್‌ಸ್ಪೆಕ್ಟರ್" ಎಂದರು ಕೊನೆಗೆ. ಈಗಲೂ ಅದೇ ಮೆಲುದನಿ. "ಸತ್ತವರು ಹೇಗೂ ಸತ್ತಿದ್ರು. ನಾನು ಯಾರನ್ನೂ ಕೊಂದಿಲ್ಲ."

ಟೈಲರಮ್ಮ ಮುಂದೆ ಬಂದಳು.

"ಆ ಸಾವಿರ ಮನೇಲಿ ನನ್ನದೂ ಒಂದಲ್ವಾ ಸ್ವಾಮಿ? ನಮ್ಮ ಒಲೆ ಮೇಲೆ ಇಷ್ಟು ಪ್ರೀತಿ ಇದ್ದಿದ್ರೆ ತೊಟ್ಟಿಗೆ ಇಳಿಯೋನ ಮೂಗಿಗೆ ಒಂದು ಮುಖವಾಡ ಕೊಡಿಸ್ಬೇಕಿತ್ತು. ಸತ್ತವನನ್ನ ನನ್ನ ಎದುರಿಗೇ ಇನ್ನೊಂದು ಸಲ ಸಾಯಿಸಿದ್ರಿ. ನನಗೇ ಹುಚ್ಚು ಅನ್ನಿಸಿದ್ರಿ. ರಾತ್ರಿಯೆಲ್ಲ ನನ್ನ ಕಣ್ಣನ್ನ ನಾನೇ ಬೈಕೊಂಡೆ."

ಇನ್‌ಸ್ಪೆಕ್ಟರ್ ನಿರ್ದೇಶಕರ ಮೊಣಕೈ ಹಿಡಿದು ಎಬ್ಬಿಸಿದಳು. ಬಾಗಿಲಾಚೆ ಬೆಂಚಿನವರೆಲ್ಲ ಎದ್ದು ನಿಂತಿದ್ದರು. ಗೋಡೆ ತೆಳುವಾಗಿತ್ತು. ಎಲ್ಲ ಕೇಳಿಸಿಕೊಂಡಿದ್ದರು. ಯಾರೂ ಕೈ ಎತ್ತಲಿಲ್ಲ, ಬೈಯಲಿಲ್ಲ. ದಾರಿಯನ್ನೂ ಬಿಡಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡೇ ನಿರ್ದೇಶಕರು ಹಾದುಹೋಗಬೇಕಾಯಿತು.

* * *

ಸ್ಮಶಾನದ ಅಂಗಳದಲ್ಲಿ ಗಾಡಿ ಬಾಗಿಲು ತೆರೆದುಕೊಂಡೇ ನಿಂತಿತ್ತು. ಪಕ್ಕದಲ್ಲಿ ಬಿಳಿ ಬಟ್ಟೆ ಸುತ್ತಿದ ದೇಹಗಳು ಸಾಲಾಗಿ ಮಲಗಿದ್ದವು. ಒಲೆಯ ಬಾಗಿಲವರೆಗೂ ಹೋಗಿ ಬಂದದ್ದು ಟೈಲರಮ್ಮನ ತಮ್ಮನೇ. ಚಳಿಯಪ್ಪ ಮೊಣಕಾಲೂರಿ ಮುಖದ ಬಟ್ಟೆ ಸರಿಸಿದ.

ಟೈಲರಮ್ಮ ತಮ್ಮನ ಕೈ ಹಿಡಿದುಕೊಂಡು ಕೂತಳು. ನೀಲಿ ಉಗುರುಗಳನ್ನು ಒಂದೊಂದಾಗಿ ಮುಟ್ಟಿದಳು. ಆಮೇಲೆ ಅತ್ತಳು. ನಿನ್ನೆಯಿಂದ ತಡೆದದ್ದೆಲ್ಲ ಬಂತು. ಇನ್‌ಸ್ಪೆಕ್ಟರ್ ಬೇರೆ ಕಡೆ ತಿರುಗಿ, ಶವಪರೀಕ್ಷೆಗೆ ಬೇರೆ ಊರಿನ ಡಾಕ್ಟರನ್ನು ಕರೆಸಲು ಫೋನಿನಲ್ಲಿ ಯಾರ ಮೇಲೋ ರೇಗುತ್ತಿದ್ದಳು.

ಅಳು ತಗ್ಗಿದ ಮೇಲೆ ಚಳಿಯಪ್ಪ ಕಾಲಿನ ಹೆಬ್ಬೆರಳಿಗೆ ಕಟ್ಟಿದ್ದ ಚೀಟಿ ಹರಿದು ಹೊಸದೊಂದು ತೆಗೆದ. "ಹೇಳಮ್ಮ. ಇವನ ಹೆಸರೇನು?"

ಆಕೆ ಹೇಳಿದಳು. ಅಪ್ಪ ಇಟ್ಟ ಹೆಸರು ಹೇಳಿದಳು. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಹೇಳಿದಳು. ಅವನು ಎರಡನ್ನೂ ಬರೆದ.

ಪಕ್ಕದ ದೇಹದ ಬಟ್ಟೆ ಸರಿಸಿದಾಗ ಅಲ್ಲೂ ಮುದುಕನಿರಲಿಲ್ಲ. ಎಳೆಯ ಮುಖ. ಅದೇ ನೀಲಿ ಉಗುರು. ಚಳಿಯಪ್ಪ ಪೆನ್ನು ಹಿಡಿದು ಸುತ್ತಲೂ ನೋಡಿದ. ಹೆಸರು ಹೇಳುವವರು ಯಾರೂ ಇರಲಿಲ್ಲ.

"ಇವನನ್ನೂ ಯಾರೋ ಗುರುತು ಹಿಡಿದಿದ್ದಾರೆ" ಎಂದಳು ಇನ್‌ಸ್ಪೆಕ್ಟರ್. "ಇಲ್ದಿದ್ರೆ ಮುದುಕರ ಸಾಲಿಗೆ ಬರ್ತಾನೇ ಇರ್ಲಿಲ್ಲ. ಆ ಮನೆಯವರು ಎಲ್ಲಿದಾರೋ ಹುಡುಕ್ಬೇಕು."

ಟೈಲರಮ್ಮ ಕಣ್ಣೊರೆಸಿಕೊಂಡು ಎದ್ದಳು. ಆ ಹುಡುಗನ ಮುಖವನ್ನು ತುಂಬ ಹೊತ್ತು ನೋಡಿದಳು, ಮರೆಯದ ಹಾಗೆ.

"ಸಿಕ್ಕಿದ್ರೆ ನನ್ನನ್ನೂ ಕರ್ಕೊಂಡು ಹೋಗಿ ಮೇಡಂ. ಆ ಮನೆಯವರಿಗೆ ನಾನೇ ಹೇಳ್ಬೇಕು, ನೀವು ಕಂಡಿದ್ದು ನಿಜ ಅಂತ."